ನೋವಿನ ಅಳತೆಪಟ್ಟಿ

ನಾನು ಒಂದು ಅಳತೆಪಟ್ಟಿ. ಬಟ್ಟೆ ಅಳೆಯುವವಳಲ್ಲ, ಗೆರೆ ಎಳೆಯುವವಳೂ ಅಲ್ಲ. ನಾನು ಅಳೆಯುವುದು ನೋವನ್ನು. ನಗಬೇಡಿ! ಕಾರ್ಖಾನೆಯಲ್ಲಿ ಬಿಳಿ ಪ್ಲಾಸ್ಟಿಕ್ಕಿನಿಂದ ನನ್ನನ್ನು ಕತ್ತರಿಸಿ, ಒಂದು ತುದಿಗೆ ನಗುವ ಮುಖ, ಇನ್ನೊಂದಕ್ಕೆ ಅಳುವ ಮುಖ ಅಚ್ಚು ಹಾಕಿ, ನಡುವೆ ಒಂದು ಕೆಂಪು ಕಡ್ಡಿ ಓಡಾಡುವಂತೆ ಮಾಡಿದರು. ರೋಗಿ ಕಡ್ಡಿ ಸರಿಸಬೇಕು, ಡಾಕ್ಟರು ನನ್ನ ಬೆನ್ನ ಮೇಲಿನ ಅಂಕಿ ಓದಬೇಕು.

ನನ್ನ ಒಡತಿ ಡಾಕ್ಟರ್ ಶೈಲಜಾ ಹಂಚಿನಾಳ, ಬಾಗಲಕೋಟೆ ಕಡೆಯ ಒಂದು ದೊಡ್ಡಾಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಸಿಸೇರಿಯನ್ ಆದ ಬಾಣಂತಿಯರಿಗೆ ಹೊಟ್ಟೆಯ ಪಕ್ಕದಲ್ಲಿ ಮರಗಟ್ಟಿಸುವ ಮದ್ದು ಚುಚ್ಚಿದರೆ ಹೊಲಿಗೆಯ ನೋವು ಎಷ್ಟು ತಗ್ಗುತ್ತದೆ ಎಂಬುದು ಅವರ ಸಂಶೋಧನೆ. ಎರಡು ಮದ್ದು, ಯಾರಿಗೆ ಯಾವುದು ಎಂಬುದನ್ನು ಅವರಿಗೂ ತಿಳಿಯದಂತೆ ಗುಟ್ಟಾಗಿಟ್ಟಿದ್ದರು. ಹಾಗಾಗಿ ಅವರಿಗೆ ನಾನೇ ಗತಿ. ಆ ಜಂಬ ನನಗಿತ್ತು.

ಆದರೆ ನಮ್ಮ ಹೆಂಗಸರೋ! ಸೆರಗು ಕಚ್ಚಿಕೊಂಡು ನರಳುತ್ತಿದ್ದವಳು ಡಾಕ್ಟರು ಬಂದರೆ ಸಾಕು, ಕಡ್ಡಿಯನ್ನು ನಗುವ ಮುಖದ ಕಡೆ ತಳ್ಳಿ, "ಆರಾಮ ಅದೀನ್ರಿ" ಅನ್ನುತ್ತಿದ್ದಳು. ಅವರು ಅತ್ತ ಹೋದದ್ದೇ ತಡ, "ಪಾಪ, ಅಷ್ಟು ಓಡ್ಯಾಡ್ತಾರ, ಅವರಿಗ್ಯಾಕ ಬ್ಯಾಸರ ಮಾಡೂದು" ಎಂದು ಪಕ್ಕದ ಮಂಚದವಳ ಹತ್ತಿರ ಪಿಸುಗುಟ್ಟುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಬ್ಬಳಾದರೂ ನನ್ನ ಮೇಲೆ ನಿಜ ಹೇಳಲಿ ಎಂದು ಹಂಬಲಿಸುತ್ತಿದ್ದೆ.

ಕಸ್ತೂರೆವ್ವ ಹೇಳಿದಳು. ಚೊಚ್ಚಲ ಬಾಣಂತಿ, ದಿನ ತುಂಬುವ ಮೊದಲೇ ಹೆತ್ತಿದ್ದಳು. ಕಡ್ಡಿಯನ್ನು ಅಳುವ ಮುಖದ ತನಕ ಒಯ್ದು ಒತ್ತಿ ಹಿಡಿದಳು. ಡಾಕ್ಟರು ಗಾಬರಿಯಾಗಿ ಇನ್ನೊಂದು ಇಂಜೆಕ್ಷನ್ ಕೊಡಿಸಿದರು. ಮತ್ತೆ ಬಂದು ನನ್ನನ್ನು ಚಾಚಿದರೆ ಕಡ್ಡಿ ಮತ್ತೆ ಅಲ್ಲಿಗೇ. ಹೊಟ್ಟೆ ಮುಟ್ಟಿ ನೋಡಿದರು. ಅವಳು ಮುಖ ಕೂಡ ಕಿವುಚಲಿಲ್ಲ.

"ಹೊಲಿಗಿ ನೋಯಾಕತ್ತಿಲ್ಲಲ್ಲ. ಮತ್ತ ಎಲ್ಲಿ ನೋವೈತಿ, ತಂಗಿ?"

ಕಸ್ತೂರೆವ್ವ ದಿಂಬಿನ ಕೆಳಗಿಂದ ಒಂದು ಹೊಸ ಕುಲಾವಿ ತೆಗೆದಳು. "ಇದನ್ನ ಯಾರಿಗೆ ಹಾಕ್ಲಿರಿ? ಕೂಸು ಗಾಜಿನ ಪೆಟ್ಟಿಗ್ಯಾಗ ಐತಿ, ಆರಾಮ ಐತಿ ಅಂತಾರ. ಒಬ್ಬರೂ ತೋರ್ಸವಲ್ರು. ಅದು ಉಳಿದಿಲ್ಲ, ನನ್ನ ಮುಂದ ಮುಚ್ಚಿಡಾಕತ್ತಾರ. ಕೇಳಾಕ ಅಂಜಿಕಿ ಬರ್ತೈತ್ರಿ."

ಡಾಕ್ಟರು ಗಾಲಿಕುರ್ಚಿ ತರಿಸಿ, ನನ್ನನ್ನು ಕೋಟಿನ ಜೇಬಿಗೆ ಹಾಕಿಕೊಂಡು, ತಾವೇ ತಳ್ಳಿದರು. ಮೇಲಿನ ಅಂತಸ್ತಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಿಡಿಯಷ್ಟು ಹೆಣ್ಣುಕೂಸು ಕಾಲು ಬಡಿಯುತ್ತಿತ್ತು. ಕಸ್ತೂರೆವ್ವ ಕಿಂಡಿಯೊಳಗೆ ಕೈಹಾಕಿದಳು. ಕೂಸು ಅವಳ ಬೆರಳು ಹಿಡಿದುಕೊಂಡಿತು. "ಅಯ್ಯ ನಮ್ಮವ್ವಾ! ಅದೀಯೇನ ನೀ?" ಎಂದು ಅವಳು ಗೊಳೋ ಎಂದು ಅತ್ತಳು.

ಅತ್ತು ಮುಗಿದ ಮೇಲೆ ತಾನಾಗಿಯೇ ನನ್ನನ್ನು ಕೇಳಿ ಇಸಿದುಕೊಂಡಳು. ಕಣ್ಣೊರೆಸಿಕೊಂಡ ಒದ್ದೆ ಬೆರಳುಗಳಿಂದಲೇ ಕಡ್ಡಿಯನ್ನು ಸರ್ರನೆ ಹಿಂದಕ್ಕೆ ತಂದು, ನಗುವ ಮುಖಕ್ಕೆ ತುಸು ಈಚೆಗೆ ನಿಲ್ಲಿಸಿ, "ಇಷ್ಟು ಮಾತ್ರ ಹೊಲಿಗೀದ್ರಿ" ಅಂದಳು.

ಡಾಕ್ಟರು ಎರಡೂ ಅಂಕಿ ಬರೆದುಕೊಂಡರು, ಯಾವುದನ್ನೂ ಅಳಿಸಲಿಲ್ಲ. ಅಂದಿನಿಂದ ನನ್ನನ್ನು ಚಾಚುವ ಮೊದಲು ಪ್ರತಿಯೊಬ್ಬಳನ್ನೂ ಕೇಳುತ್ತಿದ್ದರು: "ಕೂಸಿನ ಮಾರಿ ನೋಡೀಯೇನವಾ? ಖರೇ ಹೇಳು, ನನಗೇನ ಬ್ಯಾಸರಿಲ್ಲ." ಆಮೇಲೆ ಬೆರಳುಗಳು ನಿಜ ಹೇಳತೊಡಗಿದವು. ನನ್ನ ಸುಖದ ದಿನಗಳು ಅವು.

ಈಗ ನೋವನ್ನು ಫೋನಿನ ಗಾಜಿನ ಮೇಲೆ ಒತ್ತಿ ಹೇಳುತ್ತಾರಂತೆ. ಶೈಲಜಾ ಡಾಕ್ಟರು ನಿವೃತ್ತರಾಗಿ ಹೋದರು. ನಾನು ಮೇಜಿನ ಖಾನೆಯಲ್ಲಿ, ಒಣಗಿದ ಪೆನ್ನುಗಳ ಜೊತೆ ಬಿದ್ದಿದ್ದೇನೆ. ಹೊರಗೆ ಕೂಸು ಅತ್ತಾಗಲೆಲ್ಲ ಆ ಒದ್ದೆ ಬೆರಳುಗಳ ನೆನಪಾಗಿ ಜೀವ ಹಿಂಡುತ್ತದೆ. ಯಾರಾದರೂ ಬಂದು ನನ್ನನ್ನೂ ಒಮ್ಮೆ ಕೇಳಿಯಾರೇ, ನಿನಗೆಷ್ಟು ನೋವು ಎಂದು? ನಾನಂತೂ "ಆರಾಮ ಅದೀನ್ರಿ" ಅನ್ನುವುದಿಲ್ಲ. ಆದರೆ ನನ್ನ ಕಡ್ಡಿಯನ್ನು ನಾನೇ ಸರಿಸಿಕೊಳ್ಳಲಾರೆ. ಅದಕ್ಕೆ ಒಂದು ಬೆರಳು ಬೇಕು.