ಬಲ ಮಗ್ಗುಲು ಮೇಲೆ

"ಗುಂಡಿ ಹಾಕ್ಬೇಡಿಮ್ಮಾ, ಒಂಚೂರು ತಡೀರಿ."

ಅಪ್ಪನ ನೀಲಿ ಅಂಗಿಯ ಮೂರನೆಯ ಗುಂಡಿ ಹಾಕಿ ಮುಗಿಸಿದ್ದ ಮಗಳ ಬೆರಳುಗಳು ಅಲ್ಲೇ ನಿಂತವು. ಬಾಗಿಲಲ್ಲಿ ಬೀಗ ರಿಪೇರಿಯವನಿದ್ದ. ಅಪ್ಪ ಮನೆ ಬಿಟ್ಟು ಬಂದು ನೆಲೆಸಿದ್ದ ಈ ಊರಿನಲ್ಲಿ, ಅವನ ಜೊತೆ ಹತ್ತೊಂಬತ್ತು ವರ್ಷ ಜುಜುತ್ಸು ಎಂಬ ಜಪಾನಿ ಕುಸ್ತಿವಿದ್ಯೆ ಕಲಿತವನು. ಕೈಯಲ್ಲಿ ಒಗೆದ ದಪ್ಪ ಬಿಳಿ ಮೇಲಂಗಿ, ಅದರ ಮೇಲೆ ಅಂಚು ಸವೆದ ಕಪ್ಪು ಸೊಂಟಪಟ್ಟಿ. ಅವನ ಹಿಂದೆ ಮೆಟ್ಟಿಲ ಮೇಲೆ ಜೊತೆಗೆ ಕಲಿತ ಇನ್ನೂ ಏಳು ಜನ ನಿಂತಿದ್ದರು.

"ಅವರನ್ನ ಇದ್ರಲ್ಲೇ ಕಳಿಸ್ಬೇಕು."

"ಬದುಕಿದ್ದಾಗ ಪೂರ್ತಿ ನಿಮಗೇ ಕೊಟ್ಟಾಯ್ತಲ್ಲ!" ಮಗಳು ಸಿಡುಕಿದಳು. "ಇವತ್ತೊಂದಿನ ನಮ್ಮಪ್ಪ ಆಗಿ ಹೋಗ್ಲಿ ಬಿಡಿ."

ಕೆಳಗೆ ಶವ ಒಯ್ಯುವ ಗಾಡಿಯವನು ಹಾರ್ನ್ ಒತ್ತಿದ. ಸೋದರತ್ತೆ ಕಿಟಕಿಯಿಂದ ಇಣುಕಿ ನೋಡಿದಳು. "ಹತ್ತೇ ನಿಮಿಷ ಅಂತೆ. ನಮ್ಮಣ್ಣ ಇದ್ದಾಗ್ಲೂ ಯಾರ ಮಾತೂ ಕೇಳ್ಲಿಲ್ಲ, ಸತ್ಮೇಲೂ ನಮ್ಮನ್ನೇ ಕುಣಿಸ್ತಾನೆ."

"ನಾವು ಹಾಕೋ ಹಾಗಿಲ್ಲ," ಎಂದ ಬೀಗದವನು. "ನೀವೇ ಹಾಕ್ಬೇಕು ಅಂತ ಅವರೇ ಹೇಳಿದ್ರು."

"ನಂಗೇನ್ ಗೊತ್ತು ಅದು?"

"ಮೊದಲನೇ ಸಲ ಮಡಿಸಿದ್ದು ನೀವೇ ಅಲ್ವಾ?"

*

ಆಗ ಅವಳಿಗೆ ಹನ್ನೊಂದು, ಅಪ್ಪನಿಗೆ ನಲವತ್ತೆರಡು. ಲಿಫ್ಟ್ ರಿಪೇರಿಯ ಕೆಲಸ. ಲಿಫ್ಟ್ ಕೆಟ್ಟಾಗ ಮೆಟ್ಟಿಲು ಹತ್ತಬೇಕಾದರೆ ಮಂಡಿ ಹಿಡಿದುಕೊಂಡು ಗೊಣಗುವ ಮನುಷ್ಯ. ಅಂಥವನು ಜಪಾನಿನ ಜುಜುತ್ಸು ಕಲಿಯುತ್ತೇನೆಂದು, ಅದನ್ನು ಹಳೆಯ ಕ್ರಮದಲ್ಲೇ ಕಲಿಸುವ ಗುರುವಿದ್ದ ಈ ಊರಿಗೆ ಹೊರಟು ನಿಂತ.

"ಒಂದೇ ವರ್ಷ, ಪುಟ್ಟಿ."

ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬ್ಯಾಗು ತುಂಬಿದವಳು ಮಗಳೇ. ಹೊಸ ಮೇಲಂಗಿಯನ್ನು ನೆಲದ ಮೇಲೆ ಹರಡಿ, ತನ್ನ ಶಾಲೆಯ ಅಂಗಿಯಂತೆ ಬಲ ಮಗ್ಗುಲನ್ನು ಎಡದ ಮೇಲೆ ತಂದು, ಬಿಳಿ ಪಟ್ಟಿ ಸುತ್ತಿ, ಹಲ್ಲು ಕಚ್ಚಿ ಗಂಟು ಬಿಗಿದಳು. ಬಿಚ್ಚಲು ಬಾರದಿದ್ದರೆ ವಾಪಸು ಬಂದಾನು ಎಂದು ಅವಳ ಲೆಕ್ಕ.

ಒಂದು ವರ್ಷ ಎರಡಾಯಿತು, ಆರಾಯಿತು. ರಜೆಗೆ ಬಂದರೆ ಎರಡು ದಿನ ಇರುತ್ತಿದ್ದ. ಮಗಳು ದಾರಿ ಕಾಯುವುದನ್ನು ಬಿಟ್ಟಳು.

*

"ಮೊದಲನೇ ದಿನ ನೀವು ಮಡಿಸಿದ ಹಾಗೇ ಹಾಕ್ಕೊಂಡು ನಿಂತಿದ್ರು," ಎಂದ ಬೀಗದವನು. "ಎಲ್ರೂ ಗಪ್‌ಚಿಪ್. ಬದುಕಿರೋರು ಎಡ ಮಗ್ಗುಲನ್ನ ಮೇಲೆ ಹಾಕ್ಬೇಕು. ಬಲ ಮೇಲೆ ಬಂದ್ರೆ ಅದು ಹೆಣಕ್ಕೆ. ಜಪಾನಿನ ಪದ್ಧತಿ ಅದು. ಗುರುಗಳೇ ಎದ್ದು ಬಂದು, ಬಿಚ್ಚಿ ಸರಿಮಾಡಿದ್ರು. ಇವರಿಗೆ ನಾಚಿಕೇನೇ ಇಲ್ಲ. 'ನನ್ನ ಮಗಳು ಮಡಿಸಿದ್ದು, ಒಂದಿನ ಅದೇ ಸರಿಹೋಗುತ್ತೆ' ಅಂದ್ಬಿಟ್ರು. ಹೊಸಬರು ಯಾರೇ ಬರ್ಲಿ, ಈ ಕತೆ ಹೇಳ್ದೆ ಬಿಡ್ತಿರ್ಲಿಲ್ಲ. ನಮಗೆಲ್ಲ ಬಾಯಿಪಾಠ ಆಗಿದೆ."

"ನಂಗೊಂದು ಸಲಾನೂ ಹೇಳ್ಲಿಲ್ಲ."

ಅವನು ಮೇಲಂಗಿಯನ್ನು ಅವಳತ್ತ ಚಾಚಿದ. ಹಾರ್ನ್ ಮತ್ತೆ ಕೂಗಿತು. ಈ ಸಲ ಅತ್ತೆಯೂ ಕಿಟಕಿಯತ್ತ ಹೋಗಲಿಲ್ಲ.

ಮಗಳಿಗೆ ಕ್ಷಮಿಸುವ ಮನಸ್ಸೇನೂ ಬಂದಿರಲಿಲ್ಲ. ಆದರೂ ನೀಲಿ ಅಂಗಿಯ ಮೂರು ಗುಂಡಿಗಳನ್ನು ಬಿಚ್ಚಿದಳು. ಬೀಗದವನು ಭುಜ ಎತ್ತಿ ಹಿಡಿದಾಗ ಅದನ್ನು ತೆಗೆದಳು. ಅವಳು ತಣ್ಣನೆಯ ಕೈಗಳನ್ನು ಒಂದೊಂದಾಗಿ ಮೇಲಂಗಿಯ ತೋಳಿನೊಳಗೆ ತೂರಿಸಿದಳು. ಎಡ ಮಗ್ಗುಲನ್ನು ಎದೆಗೆ ಒತ್ತಿ, ಬಲ ಮಗ್ಗುಲನ್ನು ಅದರ ಮೇಲೆ ತಂದಳು. ಪಟ್ಟಿ ಸುತ್ತಿ, ಹಲ್ಲು ಕಚ್ಚಿ ಗಂಟು ಬಿಗಿದಳು.

ಗಂಟಿನ ಮೇಲೆ ಕೈಯಿಟ್ಟುಕೊಂಡೇ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಂಟೂ ಜನ ಅಲ್ಲೇ ನಿಂತಿದ್ದರು. ಯಾರೂ ಮುಂದೆ ಬಂದು ಸರಿಮಾಡಲಿಲ್ಲ.