ಬರೀ ತೊಟ್ಟಿಲು

"ಇನ್ನೂ ಎಷ್ಟ್ ಮನೆ ಇದ್ದಾವ್ರೀ?" ಪವಿತ್ರಾ ಮತ್ತೆ ಕೇಳಿದಳು.

"ಬಂದಿರೋದೇ ನೋಡೋಕೆ ಕಣೆ. ಸುಮ್ನೆ ಬಾ," ಎಂದ ಗಂಡ ಯತೀಶ್.

ಹೆಚ್ಚು ಗೊಬ್ಬರ ಮಾರಿದ ಅಂಗಡಿಯವರನ್ನು ಕಂಪನಿ ಹೆಂಡತಿ ಸಮೇತ ವಿಯೆಟ್ನಾಮಿಗೆ ಕರೆತಂದಿತ್ತು, ಸರಗೂರಿನಿಂದ ಇವರಿಬ್ಬರು. ಹನೋಯ್‌ನ ಈ ಮ್ಯೂಸಿಯಮ್ಮಿನಲ್ಲಿ ಬುಡಕಟ್ಟಿನವರ ಬಟ್ಟೆ, ನೇಗಿಲುಗಳೆಲ್ಲ ಗಾಜಿನೊಳಗಿದ್ದವು. ಅಂಗಳದಲ್ಲಿ ಅವರ ಮನೆಗಳನ್ನೇ ಕಟ್ಟಿ ನಿಲ್ಲಿಸಿದ್ದರು. ಮೀನು ಹಿಡಿಯುವ ಬಿದಿರುಬುಟ್ಟಿ ಕಂಡರೂ ಯತೀಶನಿಗೆ ವಿಡಿಯೋ ಬೇಕು. ಪವಿತ್ರಾಳಿಗೆ ಕೂತರೆ ಏಳಬೇಕು, ಎದ್ದರೆ ಕೂರಬೇಕು.

ಅವಳ ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಗಂಡನಿಗೆ ಹೇಳಿರಲಿಲ್ಲ. ಹೋದ ವರ್ಷ ಸುದ್ದಿ ಕೇಳಿದ ದಿನವೇ ಮಹರಾಯ ಅಂಗಡಿಗೆ ಬಂದವರಿಗೆಲ್ಲ ಮೈಸೂರುಪಾಕು ಹಂಚಿದ್ದ. ತಿಂಗಳು ತುಂಬುವುದರೊಳಗೆ ಬಸಿರು ಇಳಿದುಹೋಯಿತು. ಪಾಕು ತಿಂದವರೆಲ್ಲ ಒಬ್ಬೊಬ್ಬರಾಗಿ ಬಂದು ಲೊಚಗುಟ್ಟಿ ಹೋದರು. ಈ ಸಲ ಹೊಟ್ಟೆ ಕಾಣುವವರೆಗೂ ಬಾಯಿ ಬಿಡಬಾರದೆಂದುಕೊಂಡಿದ್ದಳು. ಹೇಳಿದರೆ ಇದೂ ಹೋದೀತೆಂಬ ಭಯ, ಹೇಳದೆ ಇರಲಾರದ ಸಂಕಟ.

ಕೊನೆಯ ಮನೆಯ ತೊಲೆಗೆ ಬೆತ್ತದ ತೊಟ್ಟಿಲು ನೇತುಹಾಕಿದ್ದರು. ಯತೀಶ್ ಒಂದು ಕೈಯಲ್ಲಿ ಮೊಬೈಲು ಹಿಡಿದು ಇನ್ನೊಂದರಲ್ಲಿ ಅದನ್ನು ಜೋರಾಗಿ ತೂಗಿಬಿಟ್ಟ.

"ಬ್ಯಾಡ್ರೀ! ಬರೀ ತೊಟ್ಲು ತೂಗ್‌ಬಾರ್ದು! ಕೂಸಿಗೆ ಒಳ್ಳೇದಲ್ಲ!"

ಅವಳು ಕಿರುಚಿದ್ದಕ್ಕೆ ಜೊತೆಯವರೆಲ್ಲ ತಿರುಗಿದರು.

"ಯಾವ್ ಕೂಸೇ? ಇಲ್ಲೆಲ್ಲೈತೆ..." ಎನ್ನುತ್ತ ನಕ್ಕ ಯತೀಶ್ ಅವಳ ಕಡೆ ನೋಡಿದ. ಅವಳ ಕೈ ಹೊಟ್ಟೆಯ ಮೇಲಿತ್ತು.

"ನಿಜ್ವಾ?" ಅವನು ಮೊಬೈಲನ್ನು ಜೇಬಿಗಿಳಿಸಿದ.

"ಯಾರ್ಗೂ ಹೇಳ್‌ಬ್ಯಾಡಿ. ನಿಮ್ಮವ್ವನ ತಾವೂ," ಎಂದು ಅತ್ತಳು.

ತೊಟ್ಟಿಲು ಇನ್ನೂ ತೂಗುತ್ತಿತ್ತು. ಯತೀಶ್ ಹೆಗಲಿನ ಬ್ಯಾಗು ಕಿತ್ತು ಅದರೊಳಗೆ ಹಾಕಿದ, ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡುಕಲ್ಲು ಮಲಗಿಸುವ ಹಾಗೆ. ಎರಡೂ ಕೈಯಲ್ಲಿ ಹಗ್ಗ ಹಿಡಿದ. ಕಾವಲಿನವಳು ಓಡಿಬಂದು, ಬ್ಯಾಗು ತೆಗೆಯೆಂದು ತನ್ನ ಭಾಷೆಯಲ್ಲಿ ಗದರತೊಡಗಿದಳು.

ಪಿರಿಯಾಪಟ್ಟಣದ ಅಂಗಡಿಯ ನೀಲಕಂಠಸ್ವಾಮಿ ಹತ್ತಿರ ಬಂದರು. "ಏನಾಯ್ತು ಯತೀಶಣ್ಣ? ನಿಮ್ಮನೆಯೋರು ಯಾಕ್ ಅಳ್ತಾವ್ರೆ?"

ಯತೀಶನ ಬಾಯಿ ತೆರೆಯಿತು. ಮುಖವೆಲ್ಲ ಅರಳಿತ್ತು.

"ಏನಿಲ್ಲ ಬುಡಿ ಸಾರ್," ಎಂದ ಅವನು, ಹಗ್ಗ ಬಿಡದೆ. "ಬ್ಯಾಗ್ ಭಾರ ಆಗಿತ್ತು."