ಎರಡು ಮಿಲಿಮೀಟರ್

ನಿವೇದಿತಾ ಖಾಲಿ ಫ್ರೇಮಿನ ಗಾಜನ್ನು ಶಾಲಿನ ತುದಿಯಿಂದ ಮತ್ತೊಮ್ಮೆ ಒರೆಸಿದಳು. ಅಂತ್ಯಕ್ರಿಯೆಗೆ ಇನ್ನು ನಲವತ್ತು ನಿಮಿಷ. ಅಮ್ಮ ಕೋಕಿಲಾ ತೀರಿಕೊಂಡು ಮೂರು ವಾರವಾಗಿತ್ತು. ಸ್ವೀಡನ್ನಿನ ಈ ಊರು, ಎಸ್ಕಿಲ್‌ಸ್ಟುನಾದ ಚಿತಾಗಾರದಲ್ಲಿ ದಿನ ಸಿಕ್ಕಿದ್ದು ಇವತ್ತಿಗೆ. ಅಷ್ಟು ದಿನ ಹುಡುಕಿದರೂ ಮೇಜಿನ ಮೇಲಿಡಲು ಅವಳದೊಂದು ಒಳ್ಳೆಯ ಫೋಟೋ ಸಿಕ್ಕಿರಲಿಲ್ಲ. ಮನೆಯ ಫೋಟೋಗಳನ್ನೆಲ್ಲ ತೆಗೆದವಳು ಅವಳೇ.

“ಪಾಸ್‌ಪೋರ್ಟ್ ಫೋಟೋನೇ ದೊಡ್ಡದು ಮಾಡಿಸಿದ್ದೀನಲ್ಲ, ಅದನ್ನೇ ಇಡೋಣ,” ಎಂದ ಗಂಗಾಧರ.

“ಅಪ್ಪಾ, ಅದರಲ್ಲಿ ಅಮ್ಮ ಯಾರನ್ನೋ ಅರೆಸ್ಟ್ ಮಾಡೋಕೆ ಬಂದಿರೋ ಹಾಗಿದಾಳೆ.”

“ಮತ್ತೆ ಮದುವೆ ಆಲ್ಬಮ್ಮಿಂದು?”

“ಆ ಹುಡುಗಿ ಯಾರೋ ನಂಗೆ ಗೊತ್ತಿಲ್ಲ. ನಂಗೆ ನನ್ನಮ್ಮ ಬೇಕು.”

ಚಿತಾಗಾರದ ಆ ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿದ್ದ ಜಹೀರ್ ತಲೆಯೆತ್ತಿದ. ಮಾರಾಟಕ್ಕಿಟ್ಟ ಮನೆಗಳನ್ನು ಬಾಡಿಗೆಯ ಸೋಫಾ, ಕನ್ನಡಿ, ದೀಪಗಳಿಂದ ಸಿಂಗರಿಸುವ ಕಂಪನಿಯಲ್ಲಿ ಕೋಕಿಲಾ ಕೆಲಸ ಮಾಡುತ್ತಿದ್ದಳು. ಸಾಮಾನು ಸಾಗಿಸಿ ಜೋಡಿಸುವ ಜಹೀರ್‌ನಂಥ ಹೊರಗುತ್ತಿಗೆಯವರ ಕೆಲಸ ನೋಡಿ ಅವರ ಬಿಲ್ಲನ್ನು ಆಫೀಸಿಗೆ ಕಳಿಸುವುದು ಅವಳ ಜವಾಬ್ದಾರಿ.

“ಒಂದ್ನಿಮಿಷ ಇರಮ್ಮ,” ಎಂದ ಜಹೀರ್. “ತೆರಿಗೆ ಲೆಕ್ಕಕ್ಕೆ ಬೇಕು, ಏಳು ವರ್ಷ ಒಂದು ಬಿಲ್ಲೂ ಬಿಸಾಡ್ಬೇಡ ಅಂತ ಅಕ್ಕ ಹೇಳಿದ್ರು.” ಅವನು ವ್ಯಾನಿನತ್ತ ಓಡಿದ.

*

ಕೆಲವು ವರ್ಷಗಳ ಹಿಂದೆ, ಕಾರ್ಖಾನೆಯ ಕೆಲಸ ಹೋದ ಮೇಲೆ ಜಹೀರ್ ವ್ಯಾನ್ ಕೊಂಡ ಜನವರಿ ಅದು. ಅವನು ನೇತುಹಾಕಿದ್ದ ಕನ್ನಡಿ ಓರೆಯಿದೆಯೇ ಎಂದು ನೋಡಲು ಕೋಕಿಲಾ ಅದರ ಮೇಲೆ ರಸಮಟ್ಟ ಇಟ್ಟಳು. ರಸಮಟ್ಟದೊಳಗಿನ ಗಾಳಿಗುಳ್ಳೆ ಎಡಕ್ಕೆ ಸರಿಯಿತು.

“ಎರಡು ಮಿಲಿಮೀಟರ್, ಜಹೀರ್.”

“ಅಕ್ಕಾ, ಮನೆ ಕೊಳ್ಳೋರು ರಸಮಟ್ಟ ತರ್ತಾರಾ?”

“ಅವರು ತರಲ್ಲ. ನಾನು ತರ್ತೀನಿ.”

ಮೂರನೇ ಸಲ ಮೊಳೆ ಬಡಿದು ಕನ್ನಡಿ ನೇತುಹಾಕಿ, ಅವನು ಗೊಣಗುತ್ತಾ ಪಕ್ಕಕ್ಕೆ ಸರಿದ. ಅವಳು ನಗುತ್ತಲೇ ಕ್ಯಾಮೆರಾದ ಗುಂಡಿ ಒತ್ತಿದಳು. ಮುಗಿದ ಕೆಲಸದ ಫೋಟೋ ಇಲ್ಲದೆ ಬಿಲ್ ಪಾಸಾಗದು. ಕಂಪನಿಯ ನಿಯಮದಂತೆ ಆ ಫೋಟೋದಲ್ಲಿ ಮನುಷ್ಯರು ಕಾಣಬಾರದು. ಆದರೆ ಕನ್ನಡಿಯಲ್ಲಿ ಅವಳೇ ಇದ್ದಳು. ಇನ್ನೊಂದು ತೆಗೆಯೋಣವೆಂದರೆ ಬ್ಯಾಟರಿ ಸತ್ತಿತು. ಮಧ್ಯಾಹ್ನ ಎರಡು ಗಂಟೆಯೊಳಗೆ ಆಫೀಸಿಗೆ ಬಿಲ್ ಕಳಿಸದಿದ್ದರೆ ಹಣ ಮುಂದಿನ ವಾರಕ್ಕೆ.

“ನಾಳೆ ನಿನ್ನ ಮನೆ ಬಾಡಿಗೆ ಕಟ್ಟಬೇಕು ಅಲ್ವಾ?” ಅವಳು ಗಡಿಯಾರ ನೋಡಿಕೊಂಡಳು. “ಇದೇ ಹೋಗ್ಲಿ.”

*

ಜಹೀರ್ ತಂದ ಬಿಲ್ಲಿನ ಕೆಳಭಾಗದಲ್ಲಿ ಆ ಫೋಟೋ ಅಚ್ಚಾಗಿತ್ತು. ಬಿಳಿ ಗೋಡೆ, ಉದ್ದನೆಯ ಕನ್ನಡಿ, ಅದರೊಳಗೆ ಕ್ಯಾಮೆರಾವನ್ನು ಎದೆಗೆ ಹಿಡಿದು ನಗುತ್ತಿರುವ ಕೋಕಿಲಾ.

“ಈ ಫೋಟೋಗೆ ಅಕ್ಕ ಮಾರನೇ ದಿನ ಆಫೀಸಲ್ಲಿ ಬೈಸ್ಕೊಂಡ್ರು. ನಂಗೆ ಹೇಳ್ಲೇ ಇಲ್ಲ, ಬೇರೆಯವರಿಂದ ಗೊತ್ತಾಯ್ತು,” ಎಂದ ಜಹೀರ್.

ನಿವೇದಿತಾ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಯಾಕೆ ಇಷ್ಟೊಂದು ನಗ್ತಿದಾಳೆ ಅಂಕಲ್?”

“ನಾನು ಗೊಣಗ್ತಾ ಇದ್ನಲ್ಲ, ಅದಕ್ಕೆ.”

ಗಂಗಾಧರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಅಂಕಿಗಳಿದ್ದ ಭಾಗವನ್ನು ಮಗಳು ಕತ್ತರಿಸಹೊರಟಾಗ ಅವಳ ಕೈ ಹಿಡಿದ. “ಬೇಡ ಪುಟ್ಟಿ. ಹಿಂದಕ್ಕೆ ಮಡಚು.”

ಫ್ರೇಮನ್ನು ಹೂಗಳ ನಡುವೆ ಇಟ್ಟರು. ಹೊರಗೆ ಜನ ಬೂಟಿನ ಹಿಮ ಕೊಡವುವ ಸದ್ದು. ಜಹೀರ್ ಜೇಬಿನಿಂದ ರಸಮಟ್ಟ ತೆಗೆದು ಫ್ರೇಮಿನ ಮೇಲಿಟ್ಟ.

“ಸರಿಯಾಗೇ ಇದೆ ಬಿಡಿ ಜಹೀರ್,” ಎಂದ ಗಂಗಾಧರ.

“ಇಲ್ಲ ಸರ್. ಎರಡು ಮಿಲಿಮೀಟರ್.”

ಅವನು ಮಂಡಿಯೂರಿ ಮೇಜಿನ ಕಾಲಿನಡಿ ರಟ್ಟಿನ ಚೂರೊಂದನ್ನು ಮಡಚಿ ಸೇರಿಸಿದ. ಅಪ್ಪ ಮಗಳು ಇಬ್ಬರೂ ಬಾಗಿ ನೋಡಿದರು. ಗುಳ್ಳೆ ನಿಧಾನವಾಗಿ ತೆವಳಿ, ಎರಡು ಗೆರೆಗಳ ನಡುವೆ ಬಂದು, ನಿಂತಿತು.